ಒಂದೇ ಕಛೇರಿ, ನಾಲ್ಕು ಸಲ

ಹೋದ ತಿಂಗಳು ಅಮ್ಮ ಬೆಂಗಳೂರಿಗೆ ಬಂದಿದ್ದಳು. ಬಂದು ಕಾಫಿ ಕುಡಿದು ಅರ್ಧ ಗಂಟೆ ಆಗಿರಲಿಲ್ಲ, ಒರೆಸೋ ಬಟ್ಟೆ ಹಿಡ್ಕೊಂಡು ನನ್ನ ಕಪಾಟಿನ ಮುಂದೆ ನಿಂತಾಗಿತ್ತು. ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಪುಣ್ಯಕ್ಕೆ ಮ್ಯೂಟ್‌ನಲ್ಲಿದ್ದೆ.

"ಏನೋ ಇದು? ಇದೂ ಲೀಡ್ಸು, ಇದೂ ಲೀಡ್ಸು, ಈ ದೊಡ್ಡ ಡಬ್ಬದಲ್ಲೂ ಲೀಡ್ಸು... ಅಂಗಡಿಯವ್ನು ಒಂದನ್ನೇ ನಾಲ್ಕು ಸಲ ಕೊಟ್ಟಿದಾನಲ್ಲೋ! ನೋಡಿ ತಗೋಬಾರ್ದಾ?"

"ಇಲ್ಲಮ್ಮಾ, ನಾನೇ ತಗೊಂಡಿದ್ದು."

"ನಾಲ್ಕೂ?"

"ಹೂಂ."

ಅಮ್ಮ ಮುಂದೆ ಏನೂ ಕೇಳಲಿಲ್ಲ. ಇವನಿಗೆ ಬೇಗ ಒಂದು ಹುಡುಗಿ ನೋಡಬೇಕು ಅನ್ನೋ ಮುಖ ಮಾಡ್ಕೊಂಡು ಮುಂದಿನ ಸಾಲು ಒರೆಸೋಕೆ ಹೋದಳು. ಅಲ್ಲಿ ಇನ್ನೂ ಕಷ್ಟ ಇತ್ತು, ಇರ್ಲಿ.

ನನ್ನ ಚಟದ ಬಗ್ಗೆ ಇಲ್ಲಿ ಯಾವತ್ತೂ ಸರಿಯಾಗಿ ಬರೆದಿಲ್ಲ. ಹಳೇ ರಾಕ್ ಮತ್ತು ಬ್ಲೂಸ್ ಆಲ್ಬಮ್ಮುಗಳ ಮರುಮುದ್ರಣಗಳನ್ನ ಕೂಡಿಡೋದು. ರೀಇಶ್ಯೂ, ಡೀಲಕ್ಸ್ ಎಡಿಷನ್, ಬಾಕ್ಸ್ ಸೆಟ್ ಅಂತೆಲ್ಲ ಕರೀತಾರೆ. ಎಲ್ಲ ಹಾಡೂ ಫೋನಿನಲ್ಲೇ ಸಿಗೋ ಕಾಲದಲ್ಲಿ ದುಡ್ಡು ಕೊಟ್ಟು, ಅದರ ಮೇಲೆ ಕಸ್ಟಮ್ಸ್ ಸುಂಕ ಕೊಟ್ಟು, ಪ್ಲಾಸ್ಟಿಕ್ ತಟ್ಟೆ ತರಿಸಿಕೊಳ್ಳೋದು ಹುಚ್ಚು ಅಂತ ನನಗೂ ಗೊತ್ತು. ನನ್ನ ರೂಮ್‌ಮೇಟ್ ಪ್ರಕಾರ ಇದು ಮಸಾಲೆದೋಸೆ ತಿಂದು, ಆಮೇಲೆ ಅದೇ ದೋಸೆಯ ಹಿಟ್ಟು, ಪಲ್ಯ, ಚಟ್ನಿ ಎಲ್ಲಾ ಬೇರೆ ಬೇರೆ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಬರೋ ಕೆಲಸ.

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ರಾಬರ್ಟ್ ಜಾನ್ಸನ್ ಅಂತ ಮಿಸಿಸಿಪ್ಪಿಯ ಬ್ಲೂಸ್ ಹಾಡುಗಾರ. 1936ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ, 1937ರಲ್ಲಿ ಡಲ್ಲಾಸ್‌ನಲ್ಲಿ, ಹೀಗೆ ಎರಡೇ ಸಲ ಮೈಕಿನ ಮುಂದೆ ಕೂತು ಹಾಡಿದ್ದು. ಉಳಿದಿರೋದು ಒಟ್ಟು 29 ಹಾಡು. 1990ರಲ್ಲಿ ಬಂದ ಬಾಕ್ಸ್ ಸೆಟ್‌ನಲ್ಲಿ 41 ರೆಕಾರ್ಡಿಂಗ್ ಇದಾವೆ, ಯಾಕಂದ್ರೆ ಕೆಲವು ಹಾಡನ್ನ ಅವನು ಎರಡೆರಡು ಸಲ ಹಾಡಿದ್ದ. ಆ ಪುಣ್ಯಾತ್ಮರು ಅವೆರಡನ್ನೂ ಒಂದರ ಹಿಂದೆ ಒಂದು ಇಟ್ಟಿದಾರೆ! ಒಂದು ಹಾಡು ಮುಗೀತು, ಮತ್ತೆ ಅದೇ ಹಾಡು ಶುರು. ಮೊದಲನೇ ಸಲ ಕೇಳಿದಾಗ ಸಿಡಿ ಪ್ಲೇಯರ್ ಕೆಟ್ಟಿದೆ ಅಂದ್ಕೊಂಡಿದ್ದೆ :) ಆಮೇಲೆ ಆಮೇಲೆ ಎರಡನೇ ಸಲ ಎಲ್ಲಿ ಉಸಿರು ತಗೊಂಡ, ಎಲ್ಲಿ ಬೆರಳು ಬೇರೆ ತಂತಿಗೆ ಹೋಯ್ತು ಅಂತ ಕಿವಿ ಹುಡುಕೋಕೆ ಶುರು ಮಾಡುತ್ತೆ. ಹುಡುಕೋಕೆ ಶುರು ಮಾಡಿದ ಮೇಲೆ ಮುಗೀತು, ನೀವು ಕೆಟ್ಟಿರಿ ಅಂತಲೇ ಲೆಕ್ಕ.

ಅಮ್ಮ ಹಿಡಿದುಕೊಂಡಿದ್ದ ಲೀಡ್ಸ್ ವಿಷಯಕ್ಕೆ ಬರ್ತೀನಿ.

'ದ ಹೂ' ಅನ್ನೋದು ಇಂಗ್ಲೆಂಡಿನ ಬ್ಯಾಂಡು. ರೋಜರ್ ಡಾಲ್ಟ್ರಿ ಹಾಡು, ಪೀಟ್ ಟೌನ್ಸೆಂಡ್ ಗಿಟಾರ್, ಜಾನ್ ಎಂಟ್ವಿಸಲ್ ಬೇಸ್, ಕೀತ್ ಮೂನ್ ಡ್ರಮ್ಸ್. 1969ರ ಅಮೆರಿಕ ಪ್ರವಾಸದ ಕಛೇರಿಗಳನ್ನೆಲ್ಲ ಟೇಪ್ ಮಾಡಿಸಿ, ಅದರಲ್ಲಿ ಒಂದು ಲೈವ್ ಆಲ್ಬಮ್ ತೆಗೆಯೋಣ ಅಂದ್ಕೊಂಡಿದ್ದರು. ವಾಪಸ್ ಬಂದು ನೋಡಿದ್ರೆ ರಾಶಿ ರಾಶಿ ಟೇಪು. ಅಷ್ಟನ್ನ ಕೇಳಿ ಆರಿಸೋ ತಾಳ್ಮೆ ಟೌನ್ಸೆಂಡ್‌ಗೆ ಇರಲಿಲ್ಲ. ಅವನೇ ಹೇಳಿಕೊಂಡಿರೋ ಪ್ರಕಾರ, ಸೌಂಡ್ ನೋಡಿಕೊಳ್ಳುತ್ತಿದ್ದ ಬಾಬ್ ಪ್ರಿಡನ್‌ಗೆ ಅಷ್ಟನ್ನೂ ಸುಟ್ಟುಹಾಕು ಅಂದನಂತೆ. ಕಳ್ಳಮುದ್ರಣದವರ ಕೈಗೆ ಸಿಗಬಾರದು ಅಂತ. ಇವತ್ತಿಗೂ ಇದನ್ನ ಓದಿದ್ರೆ ನನಗೆ ಹೊಟ್ಟೆಯೊಳಗೆ ಏನೋ ಆಗತ್ತೆ.

ಅದರ ಬದಲು ಇಂಗ್ಲೆಂಡಿನಲ್ಲೇ ಎರಡು ಕಛೇರಿ ಗೊತ್ತು ಮಾಡಿದರು. 1970ರ ಫೆಬ್ರವರಿ 14, ಶನಿವಾರ, ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ಒಂದು. ಮಾರನೇ ದಿನ ಹಲ್ ಅನ್ನೋ ಊರಲ್ಲಿ ಇನ್ನೊಂದು. ಹಲ್ ಟೇಪಿನ ಮೊದಲ ಕೆಲವು ಹಾಡುಗಳಲ್ಲಿ ಬೇಸ್ ಕೈಕೊಟ್ಟಿತ್ತು. ಹಾಗಾಗಿ ಲೀಡ್ಸ್ ಟೇಪೇ ಗಟ್ಟಿ ಆಯ್ತು. ಆ ವರ್ಷ ಮೇ ತಿಂಗಳಲ್ಲಿ ಎಲ್ಪಿ ಬಂತು. ಎರಡು ಗಂಟೆ ಕಛೇರಿಯಲ್ಲಿ ಬರೀ ಆರು ಹಾಡು, ಸುಮಾರು 38 ನಿಮಿಷ. ಅದರಲ್ಲೂ ಮೂರು ಬೇರೆಯವರ ಹಾಡು. ಮೊದಲನೇದು ಮೋಸ್ ಆಲಿಸನ್ ಅನ್ನೋ ಪಿಯಾನೋದವನ ಪುಟಾಣಿ ಬ್ಲೂಸು. ಅವನು ಮೆಲ್ಲಗೆ ಗೊಣಗಿಕೊಂಡಂತೆ ಹಾಡಿದ್ದನ್ನ ಇವರು ಮನೆ ಕೆಡವೋ ಹಾಗೆ ಬಾರಿಸಿದಾರೆ.

ಹೊದಿಕೆ ಕೂಡ ತಮಾಷೆಯದು. ಕಳ್ಳಮುದ್ರಣದ ತರಹವೇ ಕಾಣಲಿ ಅಂತ ಬರೀ ಕಂದು ರಟ್ಟು, ಅದರ ಮೇಲೆ ರಬ್ಬರ್ ಸ್ಟ್ಯಾಂಪ್ ಒತ್ತಿದಂಗೆ ಹೆಸರು. ಒಳಗೆ ಹಳೇ ಪೋಸ್ಟರು, ವುಡ್‌ಸ್ಟಾಕ್ ಕಛೇರಿಯ ಒಪ್ಪಂದಪತ್ರದ ನಕಲು, ಹೀಗೆ ಒಂದಷ್ಟು ಕಾಗದ. ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ತಟ್ಟೆಯ ನಡುವಿನ ಲೇಬಲ್. ಕೈಬರಹ. ಅದರಲ್ಲಿ ಒಂದು ಸೂಚನೆ ಇದೆ: ಚಟಪಟ ಸದ್ದು ಇರುವಂಥದ್ದೇ, ಸರಿಪಡಿಸಬೇಡಿ ಅಂತ. ಧ್ವನಿಮುದ್ರಿಸುವಾಗಲೇ ಟೇಪಿಗೆ ಒಂಥರಾ ಚಟಪಟ ಸೇರಿಕೊಂಡುಬಿಟ್ಟಿತ್ತು. ತಟ್ಟೆ ಅಚ್ಚು ಹಾಕೋ ಎಂಜಿನಿಯರು ತನ್ನ ಮಿಷಿನ್ನಿನ ದೋಷ ಅಂದ್ಕೊಂಡು ತಲೆ ಕೆಡಿಸಿಕೊಳ್ಳಬಾರದಲ್ಲ, ಅದಕ್ಕೆ.

ಇನ್ನು ನನ್ನ ನಾಲ್ಕು. 1995ರ ಸಿಡಿಯಲ್ಲಿ ಆರು ಹಾಡು ಹದಿನಾಲ್ಕಾಯ್ತು. 2001ರ ಡೀಲಕ್ಸ್‌ನಲ್ಲಿ ಅವತ್ತು ನುಡಿಸಿದ 'ಟಾಮಿ' ಪೂರ್ತಿ ಬಂತು, ಎರಡು ಸಿಡಿ ಆಯ್ತು. ಕಛೇರಿಯಲ್ಲಿ ಟಾಮಿ ನುಡಿಸಿದ್ದು ಮಧ್ಯದಲ್ಲಿ. ಸಿಡಿಯಲ್ಲಿ ಅದನ್ನ ಎತ್ತಿ ಕೊನೆಗೆ ಹಾಕಿದಾರೆ, ಯಾಕೋ. 2010ರಲ್ಲಿ ನಲವತ್ತು ವರ್ಷದ ನೆಪದಲ್ಲಿ ದೊಡ್ಡ ಡಬ್ಬ ಬಂತು. ಲೀಡ್ಸು, ಹಲ್ಲು ಎರಡೂ ಸೇರಿ ನಾಲ್ಕು ಸಿಡಿ, ಒಂದು ಎಲ್ಪಿ, ಒಂದು ಪುಟ್ಟ ಸಿಂಗಲ್ಲು, ಒಂದು ಪುಸ್ತಕ. ಹಲ್‌ನಲ್ಲಿ ಇಲ್ಲದ ಬೇಸನ್ನ ಹಿಂದಿನ ದಿನದ ಲೀಡ್ಸ್ ಟೇಪಿನಿಂದ ತಂದು ಕಸಿ ಮಾಡಿದಾರೆ! ಎಂಟ್ವಿಸಲ್ ತೀರಿಕೊಂಡಿದ್ದು 2002ರಲ್ಲಿ. ಅವನು ಶನಿವಾರ ನುಡಿಸಿದ್ದಕ್ಕೆ ಉಳಿದ ಮೂವರು ಭಾನುವಾರ ನುಡಿಸ್ತಾರೆ. ಆ ಡಬ್ಬ ನನಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ್ದು. ಬೆಲೆ ಹೇಳಲ್ಲ, ಅಮ್ಮನ ಕಡೆಯವರು ಯಾರಾದ್ರೂ ಓದ್ತಿದ್ರೆ ಕಷ್ಟ.

1995ರಿಂದ ಈಚಿನವುಗಳಲ್ಲಿ ಆ ಚಟಪಟ ಇಲ್ಲ. ಕಂಪ್ಯೂಟರಿನಲ್ಲಿ ಕೂತು ತೆಗೆದಿದಾರೆ. ಅಲ್ಲಿಗೆ ಲೇಬಲ್ ಮೇಲಿನ ಸೂಚನೆಯನ್ನ ಇಪ್ಪತ್ತೈದು ವರ್ಷ ಆದ್ಮೇಲೆ ಅವರೇ ಮುರಿದ ಹಾಗಾಯ್ತು.

ಮೊದಲ ಸಲ ಆ ಸಿಡಿ ಕೇಳಿದಾಗ ನಾನು ಎಂಜಿನಿಯರಿಂಗ್ ಓದ್ತಿದ್ದೆ. ಏನೋ ಕಮ್ಮಿ ಅನ್ನಿಸ್ತಾ ಇತ್ತು. ಸದ್ದು ಎಷ್ಟು ನಿಚ್ಚಳ ಅಂದ್ರೆ ಕೀತ್ ಮೂನ್ ಪಕ್ಕದ ರೂಮಲ್ಲೇ ಕೂತು ಡ್ರಮ್ಸ್ ಒಡೀತಿದಾನೆ ಅನ್ನೋ ಹಾಗಿದೆ. ಆದ್ರೂ ಎಲ್ಲೋ ಕಮ್ಮಿ. ಆಮೇಲೆ ಹೊಳೀತು, ಮಾವನ ಕ್ಯಾಸೆಟ್ಟಿನಲ್ಲಿ ಸಾಸಿವೆ ಸಿಡಿದಂಗೆ ಸದ್ದು ಬರ್ತಿತ್ತಲ್ಲ, ಅದಿಲ್ಲ ಅಂತ.

ಮಾವ ಅಂದ್ರೆ ಅಮ್ಮನ ಅಣ್ಣ. ಈಗ ಸಾಗರದ ಹತ್ತಿರ ಊರಮನೆಯಲ್ಲಿ ಇರೋದು. ಮೊದಲು ಬೆಂಗಳೂರಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದ. 1987ರಲ್ಲಿ, ಮದುವೆಯಾದ ಹೊಸತರಲ್ಲಿ, ಹನುಮಂತನಗರದ ಒಂದು ವಠಾರದ ಮನೆ. ಹಡಗಿನ ಕೆಲಸದಲ್ಲಿದ್ದ ಅವನ ಸ್ನೇಹಿತನೊಬ್ಬ ಆ ಎಲ್ಪಿ ತಂದಿದ್ದನಂತೆ, ಜೊತೆಗೆ ಪ್ಲೇಯರನ್ನೂ ಹೊತ್ತುಕೊಂಡು ಒಂದು ಭಾನುವಾರ ಮನೆಗೇ ಬಂದನಂತೆ. ಸಂಜೆ ವಾಪಸ್ ಒಯ್ಯಬೇಕು. ಜೋಡಿಸೋಕೆ ವೈರಿಲ್ಲ. ಮದುವೆಗೆ ಉಡುಗೊರೆ ಬಂದಿದ್ದ ಟೂ-ಇನ್-ವನ್ನನ್ನ ಸ್ಪೀಕರಿನ ಎದುರು ಸ್ಟೂಲ್ ಮೇಲೆ ಇಟ್ಟು, ಖಾಲಿ ಕ್ಯಾಸೆಟ್ ಹಾಕಿ, ಕೆಂಪು ಗುಂಡಿ ಒತ್ತಿ, ಉಸಿರು ಬಿಗಿಹಿಡಿದು ಕೂತಿದ್ದರು. 90 ನಿಮಿಷದ ಕ್ಯಾಸೆಟ್ಟು, ಒಂದು ಮಗ್ಗುಲಿಗೆ 45 ನಿಮಿಷ. ಹಾಗಾಗಿ ಎಲ್ಪಿಯ ಎರಡೂ ಮಗ್ಗುಲು ಕ್ಯಾಸೆಟ್ಟಿನ ಒಂದೇ ಮಗ್ಗುಲಲ್ಲಿ ಹಿಡೀತು. ನಡುವೆ ತಟ್ಟೆ ತಿರುಗಿಸುವಾಗ ಟೇಪು ನಿಲ್ಲಿಸಲಿಲ್ಲ.

ಬೇಸಿಗೆ ರಜೆಯಲ್ಲಿ ನಾವು ಹುಡುಗರು ಮಾವನ ಮನೆಗೆ ಹೋದಾಗ ಆ ಕ್ಯಾಸೆಟ್ಟು ಹಾಕಿ ಕುಣಿಯೋದು. ಇಂಗ್ಲಿಷ್ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ತಟ್ಟೆ ತಿರುಗಿಸೋ ಖಾಲಿ ಜಾಗ ಬಂದ್ರೆ ಯಾರಾದ್ರೂ ಓಡಿಹೋಗಿ ಫಾಸ್ಟ್ ಫಾರ್ವರ್ಡ್ ಒತ್ತೋದು. ಅಷ್ಟೇ ನೆನಪು.

ಸದ್ದು ತೆಗೆಯೋ ಈ ಕೆಲಸ ಹೇಗೆ ಮಾಡ್ತಾರೆ ಅಂತ ಸ್ವಲ್ಪ ಹೇಳಬೇಕು, ಮುಂದಿನದಕ್ಕೆ ಬೇಕಾಗತ್ತೆ. ಚಾರ್ಲಿ ಪ್ಯಾಟನ್ ಅಂತ ಜಾನ್ಸನ್‌ಗಿಂತ ಹಿಂದಿನ ಬ್ಲೂಸ್ ಹಾಡುಗಾರ. 1929ರಿಂದ 1934ರವರೆಗೆ ಹಾಡಿದ್ದು. ಅವನ ಬಹುಪಾಲು ಹಾಡು ಮುದ್ರಿಸಿದ ಪ್ಯಾರಾಮೌಂಟ್ ಕಂಪನಿ ನಿಜವಾಗಿ ಕುರ್ಚಿ ಮೇಜು ಮಾಡೋ ಕಂಪನಿಯೊಂದರ ಕೂಸು. ಮುಚ್ಚಿದ ಮೇಲೆ ಅದರ ಲೋಹದ ಅಚ್ಚುಗಳು ಗುಜರಿಗೆ ಹೋದವು. ಹಾಗಾಗಿ ಇವತ್ತು ಪ್ಯಾಟನ್ ದನಿ ಅಂತ ಉಳಿದಿರೋದು ಹೆಚ್ಚಾಗಿ ಯಾರ್ಯಾರೋ ತಮ್ಮ ಮನೆಯಲ್ಲಿ ಸವೆಸಿ ಸವೆಸಿ ಬಿಟ್ಟ ಅರಗಿನ ತಟ್ಟೆಗಳಲ್ಲಿ. 2001ರಲ್ಲಿ ರೆವೆನಂಟ್ ಅನ್ನೋ ಸಣ್ಣ ಸಂಸ್ಥೆ ಏಳು ಸಿಡಿಯ ಒಂದು ಚೆಂದದ ಸೆಟ್ ಮಾಡಿತು. ಕೇಳಿದ್ರೆ ಪೂರ್ತಿ ಮಳೆ. ಮಳೆ ಹಿಂದೆ ಯಾರೋ ಒರಟು ಗಂಟಲಲ್ಲಿ ಕೂಗ್ತಾ ಇದಾನೆ. ಆ ಮಳೆ ನಿಲ್ಲಿಸಬಹುದು, ಕಷ್ಟ ಏನಿಲ್ಲ. ಹಾಡಿಲ್ಲದೇ ಬರೀ ಸದ್ದಿರೋ ಒಂದು ತುಣುಕನ್ನ ಸಾಫ್ಟ್‌ವೇರಿಗೆ ತೋರಿಸಿ 'ಇದು ಕಸ' ಅನ್ನಬೇಕು. ಆಮೇಲೆ ಅದು ಇಡೀ ಹಾಡಿನಲ್ಲಿ ಅದೇ ತರಹದ್ದು ಎಲ್ಲೆಲ್ಲಿದೆಯೋ ಅಷ್ಟನ್ನೂ ಕಳೀತಾ ಹೋಗತ್ತೆ. ಕಷ್ಟ ಏನಂದ್ರೆ ಗಿಟಾರ್ ತಂತಿಯ ಹರಿತವೂ ಆ ಕಸವೂ ಇರೋದು ಅಕ್ಕಪಕ್ಕದಲ್ಲೇ. ಜಾಸ್ತಿ ಕಳೆದ್ರೆ ಹಾಡುಗಾರ ಬಾವಿಯೊಳಗೆ ಮುಳುಗಿ ಹಾಡಿದಂಗೆ ಕೇಳತ್ತೆ. ಎಷ್ಟು ತೆಗೀಬೇಕು, ಎಷ್ಟು ಬಿಡಬೇಕು ಅನ್ನೋ ಜಗಳ ನಮ್ಮಂಥ ಹುಚ್ಚರ ನಡುವೆ ಮುಗಿಯೋದೇ ಇಲ್ಲ. ನಾನು ಆಗ 'ತೆಗೀಬೇಕು' ಪಕ್ಷದಲ್ಲಿದ್ದೆ.

2021ರ ಮಳೆಗಾಲ. ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದೆ. ಮಾವನ ಮನೆ ಅಟ್ಟದಲ್ಲಿ ಆ ಕ್ಯಾಸೆಟ್ ಸಿಕ್ತು. ಮಲೆನಾಡಿನ ಮಳೆ ಗೊತ್ತಲ್ಲ, ಟೇಪಿನ ಅಂಚಿಗೆಲ್ಲ ಬೆಳ್ಳಗೆ ಬೂಸಲು. ಹತ್ತಿಯಲ್ಲಿ ಒರೆಸಿ, ಯಾರದೋ ಮನೆಯಿಂದ ಡೆಕ್ ತಂದು, ಲ್ಯಾಪ್‌ಟಾಪಿಗೆ ಜೋಡಿಸಿ ಹಾಕಿದೆ. ಒಂದು ಸಲ ಪೂರ್ತಿ ಓಡಿತು. ಎರಡನೇ ಸಲ ಹಾಕಿದಾಗ ಅರ್ಧದಲ್ಲಿ ಸಿಕ್ಕಿಹಾಕಿಕೊಂಡು ಕಟ್ ಆಯ್ತು. ಒಂದು ಸಲದ್ದು ಬಂತಲ್ಲ ಸಾಕು ಅಂದ್ಕೊಂಡೆ. ಮಾವನಿಗೆ ದೀಪಾವಳಿಗೆ ಕೊಡಬೇಕು, ಥಳಥಳ ಅನ್ನೋ ಹಾಗೆ ಮಾಡಿ ಕೊಡಬೇಕು ಅಂತ ರಾತ್ರಿ ಒಂದೂವರೆಗೆ ಆಡಾಸಿಟಿ ತೆಗೆದು ಕೂತೆ.

ಪರದೆ ಮೇಲೆ ನಡುವೆ ಒಂದು ಕಡೆ ಗೆರೆ ಚಪ್ಪಟೆಯಾಗಿತ್ತು, ಮುಕ್ಕಾಲು ನಿಮಿಷದಷ್ಟು. ಎಲ್ಪಿ ತಿರುಗಿಸಿದ ಜಾಗ. ಹಾಡಿಲ್ಲದೇ ಬರೀ ಸದ್ದಿರೋ ತುಣುಕು ಬೇಕಿತ್ತಲ್ಲ, ಇದಕ್ಕಿಂತ ಒಳ್ಳೇದು ಎಲ್ಲಿ ಸಿಗಬೇಕು. ಸೆಲೆಕ್ಟ್ ಮಾಡಿದೆ. ಇದು ಕಸ ಅಂತ ತೋರಿಸಿದೆ. ಇಡೀ ಹಾಡಿನಿಂದ ಕಳೆದೆ. ಆಮೇಲೆ ಆ ಜಾಗವನ್ನೇ ಕತ್ತರಿಸಿ ತೆಗೆದೆ. ಆರು ಎಂಪಿತ್ರೀ ಮಾಡಿದೆ. ಮೂಲ ಫೈಲು ದೊಡ್ಡದಿತ್ತು. ಆಫೀಸಿನ ಡಾಕರ್ ಇಮೇಜುಗಳಿಗೇ ಜಾಗ ಸಾಲದೇ ಲ್ಯಾಪ್‌ಟಾಪು ಒದ್ದಾಡ್ತಿತ್ತು. ಅದನ್ನೂ ಡಿಲೀಟ್ ಮಾಡಿದೆ.

ಗಮನಿಸಿ, ಆ ಚಪ್ಪಟೆ ಜಾಗವನ್ನ ನಾನು ಒಂದು ಸಲವೂ ಕೇಳಲಿಲ್ಲ. ನೋಡಿದೆ ಅಷ್ಟೇ.

ದೀಪಾವಳಿಗೆ ಪೆನ್‌ಡ್ರೈವ್ ಕೊಟ್ಟೆ. ಟೀವಿಗೆ ಚುಚ್ಚಿ ಮಾವ ಪೂರ್ತಿ ಕೇಳಿದ. ಕಾಲಲ್ಲಿ ತಾಳ ಹಾಕಿಕೊಂಡು.

"ಚೆನ್ನಾಗಿ ಬಂದಿದೆ ಕಣೋ. ಎಷ್ಟು ಕ್ಲಿಯರ್ರು!" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಡುವೆ ಪ್ಲೇಟ್ ತಿರುಗಿಸೋ ಜಾಗ ಒಂದಿತ್ತಲ್ಲ?"

"ಅದು ಖಾಲಿ ಇತ್ತು ಮಾವ. ತೆಗೆದೆ."

"ಹೌದಾ."

ರಿಮೋಟು ಒತ್ತಿ ಟೀವಿ ಆರಿಸಿದ. ಕನ್ನಡಕ ತೆಗೆದು ಒರೆಸಿಕೊಂಡ. "ಅಲ್ಲಿ ನಿನ್ನತ್ತೆ ಮಾತಾಡ್ತಾಳೆ" ಅಂದ.

ಅತ್ತೆ ತೀರಿಕೊಂಡಿದ್ದು 2011ರಲ್ಲಿ. ಫೋಟೋ ಬೇಕಾದಷ್ಟಿದಾವೆ. ದನಿ ಎಲ್ಲೂ ಇಲ್ಲ. ಅವಳಿಗೆ ವೀಡಿಯೋ ತೆಗೆಯೋ ಫೋನು ಹಿಡಿದವರ್ಯಾರು. ಮಾವ ಆಮೇಲೆ ಹೇಳಿದ: ಮೊದಲ ಮಗ್ಗುಲು ಮುಗಿದು ಸ್ನೇಹಿತ ತಟ್ಟೆ ತಿರುಗಿಸೋಕೆ ಏಳ್ತಾನೆ, ಒಳಗಿಂದ ಅತ್ತೆ "ಕಾಫಿ ಆರ್ತಾ ಇದೆ, ಅದನ್ನ ಆಮೇಲೆ ತಿರುಗಿಸಿದ್ರೆ ಆಗಲ್ವೇನ್ರೀ" ಅಂತಾಳೆ, ಮಾವ "ಶ್ಶ್" ಅಂತಾನೆ, ಸ್ನೇಹಿತ ನಗ್ತಾನೆ. ಅಷ್ಟೇ. ನಾವು ಹುಡುಗರು ಫಾಸ್ಟ್ ಫಾರ್ವರ್ಡ್ ಒತ್ತುತ್ತಿದ್ದ ಕಾಲಕ್ಕೆ ಅತ್ತೆ ಅಲ್ಲೇ ಅಡುಗೆಮನೆಯಲ್ಲಿ ನಮಗೇ ದೋಸೆ ಹೊಯ್ತಾ ಇದ್ದಳು. ಟೇಪಿನಲ್ಲಿರೋ ಅವಳ ದನಿ ಯಾರಿಗೆ ಬೇಕಿತ್ತು.

ಅವತ್ತು ರಾತ್ರಿ ರಿಕವರಿ ಸಾಫ್ಟ್‌ವೇರ್ ಹಾಕಿ ಬೆಳಗಿನವರೆಗೆ ಹುಡುಕಿದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಹಾಗೆ ಸಿಗಲ್ಲ ಅಂತ ನನಗೇ ಗೊತ್ತು, ಟ್ರಿಮ್ ಕಮಾಂಡು ಹೇಗೆ ಕೆಲಸ ಮಾಡತ್ತೆ ಅಂತ ಇಂಟರ್‌ವ್ಯೂನಲ್ಲಿ ಬೇರೆಯವರಿಗೆ ಪ್ರಶ್ನೆ ಕೇಳಿದೋನು ನಾನು. ಟೇಪನ್ನ ಬೆಂಗಳೂರಿಗೆ ತಂದು ಒಬ್ಬರ ಹತ್ತಿರ ಅಂಟಿಸಿ ನುಡಿಸಿಸಿದೆ. ಬೂಸಲಿನ ಜೊತೆ ಟೇಪಿನ ಮೇಲಿನ ಕಂದು ಪುಡಿಯೂ ಎದ್ದು ಹೋಗಿತ್ತು. ಬರೀ ಸುಯ್ ಅನ್ನೋ ಸದ್ದು.

ಮಾವ ಒಂದು ಮಾತು ಬೈಯಲಿಲ್ಲ. "ಇರ್ಲಿ ಬಿಡು, ನಂಗೆ ಬಾಯಿಪಾಠ ಆಗಿದೆ" ಅಂದ. ಬೈದಿದ್ರೆ ಚೆನ್ನಾಗಿತ್ತು.

ಈ ವರ್ಷದ ಮೊದಲಲ್ಲಿ ಆಫೀಸಿನವರು ಎರಡು ತಿಂಗಳು ಮ್ಯಾಂಚೆಸ್ಟರಿಗೆ ಕಳಿಸಿದ್ದರು. ಅಲ್ಲಿಂದ ಲೀಡ್ಸಿಗೆ ರೈಲಲ್ಲಿ ಸುಮಾರು ಒಂದು ಗಂಟೆ. ಒಂದು ಶನಿವಾರ ಹೋದೆ. ಆ ಊಟದ ಹಾಲ್ ಈಗಲೂ ಇದೆ. 2006ರಲ್ಲಿ ಹಾಕಿದ ನೀಲಿ ಫಲಕವೂ ಇದೆ. ಆ ವರ್ಷ ಬ್ಯಾಂಡಿನಲ್ಲಿ ಉಳಿದಿದ್ದ ಇಬ್ಬರು ಮತ್ತೆ ಅಲ್ಲಿಗೇ ಬಂದು ನುಡಿಸಿದ್ದರು. ನಾನು ಹೋದಾಗ ಹುಡುಗರು ತಲೆ ತಗ್ಗಿಸಿ ಫೋನ್ ನೋಡ್ತಾ ಚಿಪ್ಸ್ ತಿಂತಾ ಇದ್ದರು. ನಾನೂ ಒಂದು ಕಾಫಿ ತಗೊಂಡು ಕೂತು ಆರೋವರೆಗೂ ನೋಡ್ತಾ ಕೂತೆ. ಆಮೇಲೆ ಹಳೇ ರೆಕಾರ್ಡುಗಳ ಅಂಗಡಿಗೆ ಹೋಗಿ 1970ರ ಪ್ರತಿಯೊಂದನ್ನ ಕೊಂಡೆ. ನೀಲಿ ಸ್ಟ್ಯಾಂಪಿನದು. ಒಳಗಿನ ಕಾಗದಗಳಲ್ಲಿ ಎರಡು ಇಲ್ಲ, ರಟ್ಟಿನ ಮೂಲೆ ಹರಿದಿದೆ, ಅದಕ್ಕೇ ನನ್ನ ಕೈಗೆಟುಕಿದ್ದು. 2010ರ ಡಬ್ಬದಲ್ಲಿ ಹೊಸಾ ಎಲ್ಪಿ ಇತ್ತಲ್ಲ ಅಂತ ಕೇಳಬಹುದು. ಇತ್ತು. ಆದ್ರೆ ಹನುಮಂತನಗರಕ್ಕೆ ಬಂದಿದ್ದು ಇಂಥದ್ದು.

ಅಮ್ಮ ಎಣಿಸಿದ ನಾಲ್ಕನೇ ಲೀಡ್ಸು ಇದೇ.

ಅಮ್ಮನನ್ನ ಊರಿಗೆ ಬಿಡೋಕೆ ಹೋದಾಗ ಎಲ್ಪಿಯನ್ನೂ ಒಂದು ಸಣ್ಣ ಟರ್ನ್‌ಟೇಬಲ್ಲನ್ನೂ ಕಾರಿನ ಹಿಂದಿನ ಸೀಟಲ್ಲಿ ಬೆಡ್‌ಶೀಟ್ ಸುತ್ತಿ ಇಟ್ಟುಕೊಂಡು ಹೋದೆ. ಮಾವ ಜಗಲಿಯಲ್ಲಿ ಅಡಿಕೆ ಸುಲೀತಾ ಕೂತಿದ್ದ. ಹೊದಿಕೆ ನೋಡಿದ್ದೇ ಕೈ ಒರೆಸಿಕೊಂಡು ತಗೊಂಡ. ಲೇಬಲ್ ಮೇಲಿನ ಕೈಬರಹ ಓದಿ ನಕ್ಕ. ಅದು ಅವನಿಗೆ ಮೊದಲೇ ಗೊತ್ತಿತ್ತಂತೆ, ಸ್ನೇಹಿತ ಓದಿ ಹೇಳಿದ್ದನಂತೆ.

ಹಾಕಿದೆ. ಚಟಪಟ ಶುರುವಾಯ್ತು. ನಾಲ್ಕು ಹಾಡು, ಮಾವ ಸುಲಿಯೋದು ನಿಲ್ಲಿಸಿ ಕಣ್ಣು ಮುಚ್ಚಿ ಕೇಳಿದ. ನಾಲ್ಕನೇದು ಮುಗೀತು. ಜನರ ಚಪ್ಪಾಳೆ ಕರಗಿ, ಮುಳ್ಳು ಕೊನೆಯ ಗೆರೆಗೆ ಬಂದು ಟಕ್... ಟಕ್... ಅಂತ ಸುತ್ತೋಕೆ ಶುರುವಾಯ್ತು. ನಾನು ತಿರುಗಿಸೋಣ ಅಂತ ಎದ್ದೆ.

ಮಾವ ಕಣ್ಣು ತೆಗೀದೇ ಕೈ ಎತ್ತಿ, "ಇರು" ಅಂದ.

ಕೂತೆ. ಟಕ್... ಟಕ್... ಅಂತಾನೇ ಇತ್ತು. ಮಾವನ ತುಟಿ ಒಂಚೂರು ಅಲುಗಿತು, ಆಮೇಲೆ ಮೆಲ್ಲಗೆ "ಶ್ಶ್" ಅಂದ. ಯಾರಿಗೆ ಅಂತ ನಾನು ಕೇಳಲಿಲ್ಲ. ಮುಕ್ಕಾಲು ನಿಮಿಷ ಆಗಿರಬಹುದು.

"ಹೂಂ, ಈಗ ತಿರುಗಿಸು" ಅಂದ.